ಹಿಂದೆ ಹಾದುಹೋದವರು: ಲಿಯೊನ್‌ನಿಂದ ಪ್ಯಾರಿಸ್‌ಗೆ ಕಿರುಚಿತ್ರಗಳ ಜಾಡಿನಲ್ಲಿ

ಮಂಗಳವಾರ, ಲಿಯೊನ್

ಮೆಟ್ರೋದಿಂದ ಮೇಲೆ ಬಂದ ಕೂಡಲೇ ಚಳಿ ಕಿವಿಗೆ ಹೊಡೆಯಿತು. ಸ್ಟೇಷನ್ನಿನ ಹೆಸರು ಮೋಂಪ್ಲೇಸೀರ್-ಲುಮಿಯೇರ್. ಸ್ವಲ್ಪ ನಡೆದರೆ ಆಂತ್ವಾನ್ ಲುಮಿಯೇರ್ ಕಟ್ಟಿಸಿದ ದೊಡ್ಡ ಮನೆ. ಫೋಟೋ ತೆಗೆಯುವ ಗಾಜಿನ ಪ್ಲೇಟುಗಳ ಕಾರ್ಖಾನೆ ನಡೆಸಿ ದುಡ್ಡು ಕಂಡವರು ಅವರು. ಅವರ ಮಕ್ಕಳೇ ಆಗ್ಯುಸ್ತ್ ಮತ್ತು ಲೂಯಿ, ಸಿನಿಮಾಟೋಗ್ರಾಫ್ ಎಂಬ ಯಂತ್ರ ಮಾಡಿದ ಅಣ್ಣತಮ್ಮ. ಮನೆ ಈಗ ಮ್ಯೂಸಿಯಂ ಆಗಿದೆ. ಪಕ್ಕದ ಬೀದಿಗೆ ‘ಮೊದಲ ಸಿನಿಮಾದ ಬೀದಿ’ ಅಂತಲೇ ಹೆಸರಿಟ್ಟಿದ್ದಾರೆ.

ಅಕ್ಕನ ಮಗಳು ಪುಟ್ಟಿ ಇಲ್ಲಿ ಓದುತ್ತಿದ್ದಾಳೆ. ಮಗಳನ್ನು ನೋಡಲು ಅಕ್ಕ ಹೊರಟಾಗ ನಾನೂ ಜೊತೆಯಾದೆ. ನನ್ನದು ಒಂದೇ ಬೇಡಿಕೆ. ಐಫೆಲ್ ಗೋಪುರ, ಅಂಗಡಿ ಬೀದಿ ಎಲ್ಲ ಆಮೇಲೆ. ಮೊದಲು ಕಿರುಚಿತ್ರಗಳ ಊರುಗಳನ್ನು ನೋಡಬೇಕು. ಎಷ್ಟೋ ವರ್ಷಗಳಿಂದ ನಾನು ಜಾಸ್ತಿ ನೋಡುವುದು ಕಿರುಚಿತ್ರಗಳನ್ನೇ. ಅದರಲ್ಲೂ ಮನೆ ಮಂದಿಯ ಬಗ್ಗೆ, ನೆನಪಿನ ಬಗ್ಗೆ, ಕಳೆದುಕೊಂಡವರ ಬಗ್ಗೆ ಇರುವ ಚಿತ್ರಗಳು ಸಿಕ್ಕರೆ ಬಿಡುವುದಿಲ್ಲ. ಪುಟ್ಟಿಗೆ ಇದು ಗೊತ್ತು. ಟಿಕೆಟ್, ರೂಮು ಎಲ್ಲ ಅವಳೇ ಹೊಂದಿಸಿದ್ದಳು.

ಕಾರ್ಖಾನೆಯ ಉಳಿದ ಭಾಗ ಮನೆಯ ಹತ್ತಿರವೇ ಇದೆ. 1895ರ ಮಾರ್ಚ್ 19ರಂದು ಲೂಯಿ ಇಲ್ಲೇ ಯಂತ್ರವಿಟ್ಟು, ಕೆಲಸ ಮುಗಿಸಿ ಗೇಟಿನಿಂದ ಹೊರಬರುವ ಕೆಲಸಗಾರರನ್ನು ಹಿಡಿದರು. ಉದ್ದ ಲಂಗ, ಏಪ್ರನ್ ತೊಟ್ಟ ಹೆಂಗಸರು, ಸೈಕಲ್ ತಳ್ಳಿಕೊಂಡು ಬರುವವರು, ನಡುವೆ ಒಂದು ನಾಯಿ. ಐವತ್ತು ಸೆಕೆಂಡಿಗೆ ಮುಗಿಯಿತು. ಹದಿನೇಳು ಮೀಟರ್ ಫಿಲ್ಮಿಗೆ ಅಷ್ಟೇ ಹೊತ್ತು. ಈಗ ಆ ಕಟ್ಟಡದೊಳಗೆ ಒಂದು ಸಿನಿಮಾ ಹಾಲ್ ಇದೆ. ಹಳೆಯ ಮರದ ತೊಲೆಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ.

ನಾನು ಬಂದದ್ದು ಮಾತ್ರ ಇನ್ನೊಂದು ಚಿತ್ರಕ್ಕಾಗಿ. ಮಗುವಿನ ಊಟ ಎಂಬ ಐವತ್ತು ಸೆಕೆಂಡಿನ ಚಿತ್ರ ಅದು. ಅದೂ 1895ರದೇ. ಮೇಜಿನ ಒಂದು ಬದಿಗೆ ಆಗ್ಯುಸ್ತ್, ಇನ್ನೊಂದು ಬದಿಗೆ ಹೆಂಡತಿ ಮಾರ್ಗರಿತ್, ನಡುವೆ ಮಗಳು ಆಂದ್ರೇ. ಅಪ್ಪ ಚಮಚದಲ್ಲಿ ತಿನ್ನಿಸುತ್ತಾನೆ. ಅಮ್ಮ ಕಾಫಿ ಬಗ್ಗಿಸಿಕೊಳ್ಳುತ್ತಾಳೆ. ಮಗುವಿನ ಕೈಗೆ ಬಿಸ್ಕತ್ತು ಸಿಗುತ್ತದೆ. ಅದನ್ನು ಬಾಯಿಗಿಡುವ ಬದಲು ನಮ್ಮ ಕಡೆಗೆ ಚಾಚುತ್ತದೆ. ಕ್ಯಾಮೆರಾದ ಹಿಂದೆ ಇದ್ದವನು ಚಿಕ್ಕಪ್ಪ ಲೂಯಿ. ‘ತಗೋ, ನೀನೂ ತಿನ್ನು’ ಅನ್ನುವ ಹಾಗೆ ಆ ಪುಟ್ಟ ಕೈ ಮುಂದೆ ಬರುತ್ತದೆ. ಗಾಳಿಗೆ ಮಗುವಿನ ಕೊರಳಪಟ್ಟಿ ಹಾರುತ್ತದೆ. ಹಿಂದೆ ಗಿಡದ ಎಲೆಗಳು ಅಲುಗುತ್ತವೆ.

ಆ ಕಾಲದ ಪ್ರೇಕ್ಷಕರಲ್ಲಿ ಹಲವರು ಬೆರಗಾದದ್ದು ಮಗುವನ್ನು ನೋಡಿ ಅಲ್ಲ, ಹಿಂದಿನ ಎಲೆಗಳನ್ನು ನೋಡಿ. ನಾಟಕದ ರಂಗದ ಮೇಲೆ ಅವರು ಅಂಥದ್ದನ್ನು ಕಂಡಿರಲಿಲ್ಲ. ಪರದೆಯ ಮೇಲೆ ಬರೆದ ಮರ ಅಲುಗುವುದಿಲ್ಲವಲ್ಲ. ಲೂಯಿ ಎಲೆಗಳನ್ನು ಹಿಡಿಯಲು ಯಂತ್ರ ಇಟ್ಟಿರಲಿಲ್ಲ. ಅವು ತಾವಾಗಿ ಬಂದು ಕೂತವು. ಈ ವಿಷಯ ಪ್ರವಾಸದುದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಆಂದ್ರೇ 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ತೀರಿಕೊಂಡಳು. ಆಗ ಅವಳಿಗೆ 24 ವರ್ಷ. ಇದನ್ನು ಹೇಳಿದ ಮೇಲೆ ಅಕ್ಕ ಆ ತೆರೆಯ ಮುಂದಿಂದ ಕದಲಲೇ ಇಲ್ಲ. ಚಿತ್ರ ಮುಗಿದು ಮತ್ತೆ ಶುರುವಾಗುತ್ತಿತ್ತು. ಮಗು ಮತ್ತೆ ಮತ್ತೆ ಬಿಸ್ಕತ್ತು ಚಾಚುತ್ತಿತ್ತು. “ಪಾಪ, ಆ ಅಪ್ಪ ಆಮೇಲೆ ಇದನ್ನ ನೋಡಿರ್ತಾನಾ?” ಅಂದಳು ಅಕ್ಕ. ಆಗ್ಯುಸ್ತ್ ಬದುಕಿದ್ದು 1954ರವರೆಗೆ. ಮಗಳು ಹೋದ ಮೇಲೂ ಎಷ್ಟೊಂದು ವರ್ಷ.

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ತೋರಿಸಿದ ಹತ್ತು ಚಿತ್ರಗಳಲ್ಲಿ ಇದೂ ಇತ್ತು. ಎರಡು ದಿನ ಕಳೆದು ‘ಲಾ ಪೋಸ್ತ್’ ಪತ್ರಿಕೆ ಬರೆದದ್ದು ನನಗೆ ಬಾಯಿಪಾಠ ಆಗಿದೆ. ಈ ಯಂತ್ರ ಎಲ್ಲರ ಕೈಗೂ ಬಂದು, ಜನ ತಮ್ಮ ಪ್ರೀತಿಯವರನ್ನು ನಡೆದಾಡುವ, ಕೈ ಆಡಿಸುವ ರೂಪದಲ್ಲೇ ಹಿಡಿದಿಟ್ಟುಕೊಂಡರೆ ಸಾವು ಪೂರ್ತಿ ಸಾವಾಗಿ ಉಳಿಯುವುದಿಲ್ಲ ಅನ್ನುವುದು ಅದರ ತಾತ್ಪರ್ಯ. ರೈಲು ನುಗ್ಗಿ ಬಂದದ್ದನ್ನು ನೋಡಿ ಜನ ಎದ್ದು ಓಡಿದರು ಅನ್ನುವ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಮೊದಲ ವಾರದಲ್ಲೇ ಒಬ್ಬ ಪತ್ರಕರ್ತನಿಗೆ ಹೊಳೆದದ್ದು ಸಾವಿನ ವಿಷಯ ಅನ್ನುವುದನ್ನು ಯಾಕೋ ಯಾರೂ ಹೇಳುವುದಿಲ್ಲ.

ಈ ಮನೆತನದ ಚಿತ್ರಗಳನ್ನು ಒಂದಾದ ಮೇಲೊಂದು ನೋಡಿದರೆ ಒಂದು ಕೂಡುಕುಟುಂಬದ ಆಲ್ಬಮ್ ತೆರೆದ ಹಾಗೆ. ಅಣ್ಣತಮ್ಮ ಇಬ್ಬರೂ ಮದುವೆಯಾಗಿದ್ದು ವಿಂಕ್ಲರ್ ಮನೆಯ ಅಕ್ಕತಂಗಿಯರನ್ನು. ಒಂದು ಚಿತ್ರದಲ್ಲಿ ಆಂತ್ವಾನ್ ತಮ್ಮ ಬೀಗರ ಜೊತೆ ಕೂತು ಇಸ್ಪೀಟು ಆಡುತ್ತಾರೆ. ಇನ್ನೊಂದರಲ್ಲಿ ಆಗ್ಯುಸ್ತ್ ಇದೇ ಆಂದ್ರೇಯನ್ನು ಎತ್ತಿ ಹಿಡಿದಿದ್ದಾನೆ, ಅವಳು ಗಾಜಿನ ಬೋಗುಣಿಗೆ ಕೈ ಹಾಕಿ ಮೀನು ಹಿಡಿಯಲು ನೋಡುತ್ತಾಳೆ. ಸಿನಿಮಾ ಹುಟ್ಟಿದ ವರ್ಷವೇ ಅದು ಮನೆಯೊಳಗೆ ಬಂದು ಕೂತಿತ್ತು.

ಬುಧವಾರ, ರೈಲಿನಲ್ಲಿ

ಲಿಯೊನ್‌ನಿಂದ ಕ್ಲೆರ್ಮೋನ್-ಫೆರಾಂಗೆ ಸುಮಾರು ಎರಡೂವರೆ ಗಂಟೆಯ ದಾರಿ. ಕಿಟಕಿಯಾಚೆ ಮಂಜು, ಬೋಳು ಮರ, ಆಗೀಗ ಹಸುಗಳು. ಪುಟ್ಟಿ ಲ್ಯಾಪ್‌ಟಾಪ್ ತೆಗೆದು ಮೂವರ ಮಧ್ಯೆ ಇಟ್ಟಳು. “ದೊಡ್ಡ ಹಾಲ್‌ನಲ್ಲಿ ನೋಡೋದಕ್ಕಿಂತ ಮುಂಚೆ ಇದೊಂದು ನೋಡಿ” ಅಂದಳು.

ಮಿಖಾಯೆಲ್ ಡುಡಾಕ್ ದ ವಿಟ್ ಎಂಬ ಡಚ್ ಕಲಾವಿದ 2000ದಲ್ಲಿ ಮಾಡಿದ, ಅಪ್ಪ ಮಗಳ ಎಂಟು ನಿಮಿಷದ ಅನಿಮೇಷನ್ ಚಿತ್ರ. ಮರುವರ್ಷ ಆಸ್ಕರ್ ಬಂತು. ಮಾತಿಲ್ಲ. ಅಕಾರ್ಡಿಯನ್ ಮೇಲೆ ‘ಡ್ಯಾನ್ಯೂಬ್ ಅಲೆಗಳು’ ಎಂಬ ಹಳೆಯ ವಾಲ್ಟ್ಸ್ ಕುಣಿತದ ಧಾಟಿ ಕೇಳುತ್ತದೆ. ನೀರಿನ ದಂಡೆಗೆ ಅಪ್ಪ ಮಗಳು ಸೈಕಲ್ಲಿನಲ್ಲಿ ಬರುತ್ತಾರೆ. ಅಪ್ಪ ಇಳಿದು ದೋಣಿ ಹತ್ತುವ ಮುಂಚೆ ತಿರುಗಿ ಬಂದು ಇನ್ನೊಮ್ಮೆ ಮಗಳನ್ನು ಎತ್ತಿಕೊಳ್ಳುತ್ತಾನೆ. ಹೊರಟುಹೋಗುತ್ತಾನೆ. ಅವನು ವಾಪಸ್ ಬರುವುದಿಲ್ಲ. ಮಗಳು ದಂಡೆಗೆ ಬರುವುದನ್ನು ಬಿಡುವುದಿಲ್ಲ. ಹುಡುಗಿಯಾಗಿ, ಗೆಳತಿಯರ ಜೊತೆ, ಗಂಡನ ಜೊತೆ, ಮಕ್ಕಳ ಜೊತೆ, ಕೊನೆಗೆ ಮುದುಕಿಯಾಗಿ. ಎದುರು ಗಾಳಿಗೆ ಪೆಡಲ್ ತುಳಿಯಲಾಗದೆ ಸೈಕಲ್ ತಳ್ಳಿಕೊಂಡು ಬರುತ್ತಾಳೆ. ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಾಳೆ, ಸೈಕಲ್ ಬೀಳುತ್ತದೆ. ಎತ್ತಿ ನಿಲ್ಲಿಸುತ್ತಾಳೆ, ಮತ್ತೆ ಬೀಳುತ್ತದೆ.

ಕೊನೆ ಏನಾಗುತ್ತದೆ ಅಂತ ಬರೆಯುವುದಿಲ್ಲ, ನೋಡದವರು ನೋಡಲಿ. ಅಕ್ಕ ಮಾತ್ರ ಚಿತ್ರ ಮುಗಿದ ಮೇಲೆ ಕೇಳಿದ್ದು ಆ ಸೈಕಲ್ಲಿನ ಬಗ್ಗೆ. “ಅದು ಬೀಳೋದನ್ನ ಯಾಕೆ ಎರಡೆರಡು ಸಲ ತೋರಿಸ್ತಾನೆ?” ನನಗೆ ಅನ್ನಿಸಿದ್ದನ್ನು ಹೇಳಿದೆ. ಅಳುವ ಮುಖವನ್ನು ಅವನು ಒಮ್ಮೆಯೂ ಹತ್ತಿರದಿಂದ ತೋರಿಸುವುದಿಲ್ಲ. ದುಃಖವನ್ನೆಲ್ಲ ಸೈಕಲ್ಲಿಗೆ ಕೊಟ್ಟಿದ್ದಾನೆ. ಎಂಟು ನಿಮಿಷದಲ್ಲಿ ಒಂದು ಆಯುಸ್ಸು ಹೇಳಬೇಕಾದರೆ ಹೀಗೇ ಹೇಳಬೇಕು.

ಗುರುವಾರ, ಕ್ಲೆರ್ಮೋನ್-ಫೆರಾಂ

ಊರಿನ ಕಥೀಡ್ರಲ್ ಕಪ್ಪಗಿದೆ. ಹತ್ತಿರದ ಜ್ವಾಲಾಮುಖಿಗಳ ಕಲ್ಲು ಅದು. ಪ್ಯುಯಿ-ದ-ದೋಮ್ ಎಂಬ 1465 ಮೀಟರ್ ಎತ್ತರದ ಆರಿದ ಜ್ವಾಲಾಮುಖಿ ಊರಿನ ಬೆನ್ನಿಗೇ ಇದೆ. ಮಿಶೆಲಿನ್ ಟೈರ್ ಕಂಪನಿಯ ಊರು ಇದು. ವರ್ಷಕ್ಕೊಮ್ಮೆ, ಜನವರಿ ಕೊನೆಯಿಂದ ಫೆಬ್ರವರಿ ಮೊದಲವರೆಗೆ, ಕಿರುಚಿತ್ರದ ಊರಾಗುತ್ತದೆ. 1979ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಸಿನಿಮಾ ಕ್ಲಬ್ಬಿನವರು ಒಂದು ವಾರದ ಪ್ರದರ್ಶನ ಅಂತ ಶುರು ಮಾಡಿದ್ದು, ಈಗ ಕಿರುಚಿತ್ರಕ್ಕೆ ಜಗತ್ತಿನಲ್ಲೇ ದೊಡ್ಡ ಹಬ್ಬ.

ಬೆಳಿಗ್ಗೆಯೇ ಸಾಲು. ಪಕ್ಕದಲ್ಲಿ ನಿಂತಿದ್ದವರು ಕೈಚೀಲದಲ್ಲಿ ಬ್ರೆಡ್ಡು, ಥರ್ಮಾಸ್ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ. ಸಿನಿಮಾ ಮಂದಿಯೇನಲ್ಲ, ಊರಿನವರು. ಪುಟ್ಟಿ ಅವರ ಜೊತೆ ಫ್ರೆಂಚ್‌ನಲ್ಲಿ ಮಾತಾಡಿದಳು. ಪ್ರತಿ ವರ್ಷ ಬರುತ್ತಾರಂತೆ, ಮೊದಲು ಗಂಡನ ಜೊತೆ, ಈಗ ಒಬ್ಬರೇ. ಯಾವ ಕಾರ್ಯಕ್ರಮ ಚೆನ್ನಾಗಿದೆ, ಯಾವುದನ್ನು ಬಿಡಬಹುದು ಅಂತ ಪುಸ್ತಿಕೆಯಲ್ಲಿ ಗುರುತು ಹಾಕಿ ತೋರಿಸಿದರು.

ಸಾಲ್ ಕೊಕ್ತೋ ಎಂಬ ಮುಖ್ಯ ಹಾಲ್‌ನಲ್ಲಿ ಸುಮಾರು 1400 ಸೀಟು. ವಾರದ ದಿನ, ಹಗಲು ಹೊತ್ತು, ಎಲ್ಲವೂ ತುಂಬಿತ್ತು. ಐದಾರು ಚಿತ್ರಗಳನ್ನು ಸೇರಿಸಿ ಒಂದೂವರೆ ಗಂಟೆಯ ಒಂದೊಂದು ಕಾರ್ಯಕ್ರಮ ಮಾಡುತ್ತಾರೆ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಕೆಲವು ಸೆಕೆಂಡು ಕತ್ತಲೆ. ಆ ಕತ್ತಲೆಯಲ್ಲಿ ಅಷ್ಟು ಜನ ಒಟ್ಟಿಗೆ ಉಸಿರು ಬಿಡುವುದು ಕೇಳಿಸುತ್ತದೆ. ಮನೆಯಲ್ಲಿ ಮೊಬೈಲ್‌ನಲ್ಲಿ ಕಿರುಚಿತ್ರ ನೋಡುವವರಿಗೆ ಇದು ಸಿಗುವುದೇ ಇಲ್ಲ. ಮುಗಿದ ತಕ್ಷಣ ಇನ್ನೇನೋ ಬಂದು ಕಣ್ಣಿಗೆ ಬೀಳುತ್ತದೆ. ಕಳೆದುಕೊಂಡವರ ಬಗ್ಗೆ ಚಿತ್ರ ನೋಡಿದ ಮೇಲೆ ಆ ಒಂದಿಷ್ಟು ಕತ್ತಲೆ ಬೇಕು.

ಒಂದು ಮಾತು ನೇರವಾಗಿ ಹೇಳಬೇಕು. ಇವತ್ತಿನ ಕಿರುಚಿತ್ರಗಳಲ್ಲಿ ಅಜ್ಜ, ಅಜ್ಜಿ, ಮರೆವು, ಖಾಲಿ ಮನೆ ಇವು ಬಹಳ ಸಲ ಬರುತ್ತವೆ. ಇಲ್ಲೂ ಬಂದವು, ನಮ್ಮಲ್ಲೂ ಬರುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ನಮ್ಮನ್ನು ಬೇಗ ಅಳಿಸಿಬಿಡುವ ಅವಸರ. ಮೆಲ್ಲಗೆ ಪಿಯಾನೊ ಶುರುವಾದರೆ ಸಾಕು, ಮುಂದೇನು ಅಂತ ಗೊತ್ತಾಗುತ್ತದೆ. ಹೋದವರು ಹೇಗೆ ನಡೆಯುತ್ತಿದ್ದರು, ಏನು ತಿನ್ನುತ್ತಿದ್ದರು, ಚಪ್ಪಲಿ ಎಲ್ಲಿ ಬಿಡುತ್ತಿದ್ದರು ಅನ್ನುವುದನ್ನು ತೋರಿಸದೆ ಬರೀ ಹೋದದ್ದನ್ನು ತೋರಿಸಿದರೆ ಯಾರಿಗಾಗಿ ಅಳುವುದು? ಆಗ ಬ್ರುನೋ ಕೊಲ್ಲೇ ಎಂಬ ನಿರ್ದೇಶಕರ ಹನ್ನೆರಡು ನಿಮಿಷದ ‘ಮೆಮೊರಾಬ್ಲ್’ ನೆನಪಾಗುತ್ತದೆ. 2019ರಲ್ಲಿ ಆನ್ಸಿಯ ಅನಿಮೇಷನ್ ಹಬ್ಬದಲ್ಲಿ ಮೊದಲ ಬಹುಮಾನ ಪಡೆದ ಚಿತ್ರ. ಅಲ್ಜೈಮರ್ ಬಂದ ಒಬ್ಬ ಚಿತ್ರಕಾರ, ಅವನ ಹೆಂಡತಿ. ಅವನಿಗೆ ವಸ್ತುಗಳು ಹೇಗೆ ಕಾಣುತ್ತವೋ ನಮಗೂ ಹಾಗೇ ಕಾಣುತ್ತವೆ. ಎಲ್ಲ ಕರಗುತ್ತದೆ, ಬಣ್ಣವಾಗಿ ಹರಡುತ್ತದೆ. ಕೊನೆಗೆ ಎದುರಿಗಿರುವವಳು ತನ್ನ ಹೆಂಡತಿ ಅಂತ ಗೊತ್ತಾಗದಿದ್ದರೂ ಅವನಿಗೆ ಅವಳು ಚೆಂದ ಕಾಣುತ್ತಾಳೆ. ಅಲ್ಲಿ ಅಳು ತಾನಾಗಿ ಬರುತ್ತದೆ, ಯಾರೂ ಕೇಳುವುದಿಲ್ಲ.

ಸಂಜೆ ಹಬ್ಬದವರ ಕಚೇರಿಯೂ ಕಿರುಚಿತ್ರಗಳ ಸಂಗ್ರಹವೂ ಇರುವ ಕಟ್ಟಡದ ಮುಂದೆ ಹೋದೆವು. ಅದರ ಹೆಸರು ‘ಲ ಜತೇ’. ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 28 ನಿಮಿಷದ ಚಿತ್ರದ ಹೆಸರು ಅದು. ಒಂದು ಊರು ತನ್ನ ಕಟ್ಟಡಕ್ಕೆ ಒಂದು ಕಿರುಚಿತ್ರದ ಹೆಸರಿಟ್ಟಿದೆ ಅನ್ನುವುದೇ ನನಗೆ ದೊಡ್ಡ ಸಂಗತಿ.

ಶುಕ್ರವಾರ, ಪ್ಯಾರಿಸ್

ಕ್ಲೆರ್ಮೋನ್‌ನ ರೈಲು ಬೆರ್ಸಿ ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಗಾರ್ ದ ಲಿಯೊನ್ ಎಂಬ ಪ್ಯಾರಿಸ್‌ನ ಇನ್ನೊಂದು ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. ಪೆಟ್ಟಿಗೆ ಎಳೆದುಕೊಂಡೇ ಹೋದೆವು. ನಾಳೆ ಬೆಲ್‌ವಿಲ್ ಬಡಾವಣೆಯ ಓಣಿಗೆ ಹೋಗುವ ಮುಂಚೆ ಈ ಸ್ಟೇಷನ್ನನ್ನು ನೋಡಬೇಕು ಅಂತ ನನ್ನ ಹಟ.

1941ರಲ್ಲಿ, ಜರ್ಮನ್ನರು ಪ್ಯಾರಿಸ್ಸನ್ನು ಹಿಡಿದಿದ್ದ ಕಾಲದಲ್ಲಿ, ಒಬ್ಬ ಯಹೂದಿ ತಾಯಿ ತನ್ನ ಐದು ವರ್ಷದ ಮಗನನ್ನು ಇಲ್ಲಿಂದ ರೆಡ್ ಕ್ರಾಸ್‌ನ ರೈಲು ಹತ್ತಿಸಿದಳು. ಹುಡುಗ ಮುಂದೆ ದೊಡ್ಡ ಲೇಖಕನಾದ ಜಾರ್ಜ್ ಪೆರೆಕ್. ಅಪ್ಪ ಹಿಂದಿನ ವರ್ಷವೇ ಯುದ್ಧದಲ್ಲಿ ಸತ್ತಿದ್ದರು. ಹೊರಡುವಾಗ ಅಮ್ಮ ಚಾರ್ಲಿ ಚಾಪ್ಲಿನ್ನನ ಕಾಮಿಕ್ಸ್ ಪುಸ್ತಕ ಕೊಡಿಸಿದ್ದು ಅವನ ನೆನಪಿನಲ್ಲಿ ಉಳಿಯಿತು. 1943ರ ಫೆಬ್ರವರಿಯಲ್ಲಿ ಆಕೆಯನ್ನು ಔಶ್ವಿಟ್ಸ್‌ನ ನಾಜಿ ಶಿಬಿರಕ್ಕೆ ಸಾಗಿಸಿದರು. ಆಕೆ ಮರಳಲಿಲ್ಲ.

ಸ್ಟೇಷನ್ನಿನಲ್ಲಿ ಅಕ್ಕ ಪುಟ್ಟಿಯ ಕೈ ಹಿಡಿದುಕೊಂಡೇ ನಡೆದಳು. ಮಗಳು ಇಪ್ಪತ್ತಮೂರರವಳು. ಕೈ ಬಿಡಿಸಿಕೊಳ್ಳಲಿಲ್ಲ.

ಶನಿವಾರ, ಬೆಲ್‌ವಿಲ್

ಇಡೀ ಪ್ರವಾಸದಲ್ಲಿ ನಾನು ಕಾದಿದ್ದು ಈ ದಿನಕ್ಕೆ.

ಅಲ್ಬೆರ್ ಲಾಮೊರಿಸ್ ಎಂಬವರು 1956ರಲ್ಲಿ ಕೆಂಪು ಬಲೂನಿನ ಬಗ್ಗೆ 34 ನಿಮಿಷದ ಒಂದು ಚಿತ್ರ ಮಾಡಿದರು. ಒಬ್ಬ ಪುಟ್ಟ ಹುಡುಗನಿಗೆ ದೀಪದ ಕಂಬಕ್ಕೆ ಸಿಕ್ಕಿಕೊಂಡ ಕೆಂಪು ಬಲೂನು ಸಿಗುತ್ತದೆ. ಅದು ಅವನ ಹಿಂದೆ ಹಿಂದೆ ಬರುತ್ತದೆ, ಶಾಲೆಗೂ ಬರುತ್ತದೆ. ಬೇರೆ ಹುಡುಗರು ಅಟ್ಟಿಸಿಕೊಂಡು ಹೋಗಿ ಅದನ್ನು ಒಡೆಯುತ್ತಾರೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಕಾನ್ ಸಿನಿಮಾ ಹಬ್ಬದಲ್ಲಿ ಕಿರುಚಿತ್ರದ ಬಹುಮಾನ ಬಂತು. ಅಷ್ಟೇ ಅಲ್ಲ, ಮೂಲ ಚಿತ್ರಕಥೆಗೆ ಆಸ್ಕರ್ ಕೂಡ ಬಂತು, ಅದೂ ದೊಡ್ಡ ಸಿನಿಮಾಗಳ ನಡುವೆ ಗೆದ್ದು. ಹುಡುಗನ ಪಾತ್ರ ಮಾಡಿದ್ದು ಲಾಮೊರಿಸ್‌ರ ಮಗ ಪಾಸ್ಕಲ್. ನೀಲಿ ಬಲೂನು ಹಿಡಿದು ಎದುರಾಗುವ ಪುಟ್ಟ ಹುಡುಗಿ ಮಗಳು ಸಬೀನ್.

ಚಿತ್ರ ತೆಗೆದದ್ದು ಬೆಲ್‌ವಿಲ್, ಮೆನಿಲ್‌ಮೋಂತಾಂ ಕಡೆ. ಆಗ ಅದು ಬಡವರ ಬಡಾವಣೆ. ಏರು ಓಣಿಗಳು, ಮೆಟ್ಟಿಲುಗಳು, ಗಾರೆ ಉದುರಿದ ಗೋಡೆಗಳು. ಕೂರೋನ್ ಸ್ಟೇಷನ್ನಿನಲ್ಲಿ ಇಳಿದು ಹತ್ತಿದೆವು. ಚಿತ್ರದಲ್ಲಿ ಕಾಣುವ ಮೆನಿಲ್‌ಮೋಂತಾಂ ಚರ್ಚು ಈಗಲೂ ಇದೆ. ಓಣಿಗಳಲ್ಲಿ ಬಹಳಷ್ಟು ಇಲ್ಲ. ಮನೆಗಳು ವಾಸಕ್ಕೆ ಯೋಗ್ಯವಲ್ಲ ಅಂತ ಒಂದೊಂದಾಗಿ ಕೆಡವಿದರು. ಆ ಜಾಗದಲ್ಲಿ 1988ರಲ್ಲಿ ಬೆಲ್‌ವಿಲ್ ಪಾರ್ಕ್ ಆಯಿತು. ಪುಟ್ಟಿ ಚಿತ್ರದಿಂದ ಕೆಲವು ದೃಶ್ಯಗಳನ್ನು ಮೊಬೈಲ್‌ಗೆ ಇಳಿಸಿಕೊಂಡಿದ್ದಳು. ಮೆಟ್ಟಿಲು ಇದ್ದ ಜಾಗ ಅಂತ ನಮಗೆ ಅನ್ನಿಸಿದ ಕಡೆ ನಿಂತು ಎತ್ತಿ ಹಿಡಿದಳು. ಮೊಬೈಲ್‌ನಲ್ಲಿ ಕಪ್ಪುಬೂದಿ ಗೋಡೆ, ಕೆಂಪು ಬಲೂನು. ಅದರ ಹಿಂದೆ ಹುಲ್ಲು, ಬೆಂಚು, ನಾಯಿ ಅಡ್ಡಾಡಿಸುವ ಜನ.

ಇದೇ ಗುಡ್ಡದಲ್ಲಿ ರೂ ವಿಲಾಂ ಅನ್ನುವ ಓಣಿ ಇತ್ತು. ಲಾಮೊರಿಸ್ ಅಲ್ಲೂ ಚಿತ್ರ ತೆಗೆದಿದ್ದರು. ಈಗ ಅದರ ತುಂಡು ಮಾತ್ರ ಉಳಿದಿದೆ. 24ನೇ ನಂಬರಿನಲ್ಲಿ ಪೆರೆಕ್‌ನ ತಾಯಿಯ ಪುಟ್ಟ ಸಲೂನ್ ಇತ್ತು, ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಬೆಳೆದ ಮಗ 1969ರಿಂದ 1975ರವರೆಗೆ ಮತ್ತೆ ಮತ್ತೆ ಈ ಓಣಿಗೆ ಬಂದು, ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡ. ಯಾವ ಅಂಗಡಿ ಮುಚ್ಚಿದೆ, ಯಾವ ಕಿಟಕಿಗೆ ಇಟ್ಟಿಗೆ ಕಟ್ಟಿದ್ದಾರೆ, ಯಾವ ಮನೆ ಬಿತ್ತು. ಅಮ್ಮನ ಅಂಗಡಿಯ ಬಾಗಿಲ ಮೇಲಿನ ಬರಹ ಮಾಸಿದ್ದರೂ ಓದಲು ಬರುತ್ತಿತ್ತು ಅಂತಲೂ ಬರೆದ. ಅವನು 1982ರ ಮಾರ್ಚ್‌ನಲ್ಲಿ ತೀರಿಕೊಂಡ. ಆ ಕಟ್ಟಡವನ್ನೂ ಅದೇ ವರ್ಷ ಕೆಡವಿದರು. ಹತ್ತು ವರ್ಷದ ಮೇಲೆ ಗೆಳೆಯ ರೊಬೇರ್ ಬೊಬೇರ್ ನೂರಾರು ಹಳೆಯ ಫೋಟೋ ಹುಡುಕಿ, ಒಂದರ ಪಕ್ಕ ಒಂದು ಜೋಡಿಸಿ, ಇಲ್ಲದ ಆ ಓಣಿಯನ್ನು ಮೇಲಕ್ಕೆ ಹತ್ತಿಹೋಗುವ ಒಂದು ಚಿತ್ರ ಮಾಡಿದರು. ಗಂಟೆಗೂ ಕಡಿಮೆ ಅವಧಿಯ ಚಿತ್ರ. ಫೋಟೋ ತೆಗೆದವರಲ್ಲಿ ಯಾರಿಗೂ ಅಲ್ಲಿ ಒಬ್ಬ ತಾಯಿಯ ಅಂಗಡಿ ಇತ್ತು ಅನ್ನುವುದು ಮುಖ್ಯ ಆಗಿರಲಿಕ್ಕಿಲ್ಲ. ಓಣಿ ಚೆನ್ನಾಗಿತ್ತು, ತೆಗೆದರು.

ಲಾಮೊರಿಸ್ ವಿಷಯವೂ ಅಷ್ಟೇ. ಅವರಿಗೆ ಬೇಕಿದ್ದದ್ದು ಹುಡುಗ ಮತ್ತು ಬಲೂನು. ಬಲೂನಿನ ಹಿಂದೆ ಇಡೀ ಬಡಾವಣೆ ಬಂದು ಉಳಿಯಿತು. ಅಲ್ಲಿ ಹುಟ್ಟಿ ಬೆಳೆದು ಚದುರಿಹೋದವರಿಗೆ ಈಗ ಬಣ್ಣದಲ್ಲಿ, ಚಲಿಸುವ ಹಾಗೆ ತಮ್ಮ ಓಣಿ ನೋಡಬೇಕಾದರೆ ಈ ಮಕ್ಕಳ ಚಿತ್ರವನ್ನೇ ಹಾಕಿಕೊಳ್ಳಬೇಕು.

ಲಾಮೊರಿಸ್ 1970ರಲ್ಲಿ ಇರಾನ್‌ನಲ್ಲಿ ಹೆಲಿಕಾಪ್ಟರ್‌ನಿಂದ ಚಿತ್ರ ತೆಗೆಯುವಾಗ ಟೆಹರಾನ್ ಹತ್ತಿರದ ಕರಾಜ್ ಅಣೆಕಟ್ಟಿನ ಬಳಿ ಅಪಘಾತದಲ್ಲಿ ಸತ್ತರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಹೆಂಡತಿ ಮತ್ತು ಪಾಸ್ಕಲ್ ಆ ಚಿತ್ರವನ್ನು ಮುಗಿಸಿದರು. 1978ರಲ್ಲಿ ಅದು ಹೊರಬಂತು. ಅಪ್ಪನ ಕ್ಯಾಮೆರಾದ ಮುಂದೆ ಬಲೂನು ಹಿಡಿದು ಓಡಿದ ಹುಡುಗ, ಅಪ್ಪ ಕೊನೆಯದಾಗಿ ನೋಡಿದ್ದನ್ನು ಕತ್ತರಿಸಿ ಜೋಡಿಸಲು ಕೂತ. (ಇದೇ ಲಾಮೊರಿಸ್ ‘ರಿಸ್ಕ್’ ಎಂಬ ಆಟವನ್ನೂ ಕಟ್ಟಿದವರು ಅಂದಾಗ ಪುಟ್ಟಿ ನಂಬಲೇ ಇಲ್ಲ. ಹಾಸ್ಟೆಲ್‌ನಲ್ಲಿ ಅವಳು ಅದನ್ನು ಆಡುತ್ತಾಳೆ.)

ರೂ ಪಿಯಾ ಎಂಬ ಬೀದಿಯ ತುದಿಯಿಂದ ಪ್ಯಾರಿಸ್ ಪೂರ್ತಿ ಕಾಣುತ್ತದೆ. ಅಲ್ಲಿ ಕೂತು ತಂದಿದ್ದ ಚಪಾತಿ ತಿಂದೆವು. ಅಕ್ಕ ಇದ್ದಕ್ಕಿದ್ದ ಹಾಗೆ ತನ್ನ ಮದುವೆಯ ಕ್ಯಾಸೆಟ್ಟಿನ ಮಾತು ತೆಗೆದಳು.

1993ರ ಮದುವೆ ಅದು, ತೀರ್ಥಹಳ್ಳಿಯಲ್ಲಿ. ಆಗಿನ ವಿಡಿಯೊ ಹೇಗಿರುತ್ತಿತ್ತು ಅಂತ ನಿಮಗೂ ಗೊತ್ತು. ಹೃದಯದ ಆಕಾರದಲ್ಲಿ ದೃಶ್ಯ ಬದಲಾಗುವುದು, ಮೇಲೆ ಸಿನಿಮಾ ಹಾಡು. ಮಂಟಪದಲ್ಲಿ ಅಕ್ಕ ಭಾವ, ಅವರ ಮೇಲೇ ಕ್ಯಾಮೆರಾ, ಕಣ್ಣು ಕುಕ್ಕುವ ಲೈಟು. ಆ ಕ್ಯಾಸೆಟ್ಟಿನಲ್ಲಿ ಧಾರೆಗೆ ಸ್ವಲ್ಪ ಮುಂಚೆ, ಪುರೋಹಿತರ ಹೆಗಲ ಹಿಂದೆ, ಅಮ್ಮ ಹಾದುಹೋಗುತ್ತಾಳೆ. ಕೈಯಲ್ಲಿ ಹಿತ್ತಾಳೆ ತಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಅರ್ಧ ದಾರಿಯಲ್ಲಿ ನಿಂತು, ಏನೋ ಮರೆತವಳ ಹಾಗೆ ತಿರುಗಿ, ಬಂದ ಕಡೆಗೇ ಹೋಗುತ್ತಾಳೆ. ಅಷ್ಟೇ. ಅಮ್ಮ ಕ್ಯಾಮೆರಾ ಕಂಡರೆ ಸರಿಯುವವಳು. ಫೋಟೋಗಳಲ್ಲೆಲ್ಲ ಕೈಕಟ್ಟಿ ಬಿಗಿಯಾಗಿ ನಿಂತಿದ್ದಾಳೆ. ಅವಳು ನಡೆಯುವುದು, ಬಲಗಾಲಿಗೆ ಸ್ವಲ್ಪ ಭಾರ ಬಿಟ್ಟು ಬೇಗ ಬೇಗ ನಡೆಯುವ ಆ ರೀತಿ, ಉಳಿದಿರುವುದು ಅಲ್ಲಿ ಒಂದೇ ಕಡೆ. ಧ್ವನಿ ಇಲ್ಲ. ಹಾಡಿನ ಕೆಳಗೆ ಹೋಗಿಬಿಟ್ಟಿದೆ.

“ವಿಡಿಯೊದವನು ಅಮ್ಮನ್ನ ತೆಗೀಲಿಲ್ಲ ಅಂತ ನಂಗೆ ಎಷ್ಟೋ ವರ್ಷ ಸಿಟ್ಟಿತ್ತು ಕಣೇ” ಅಂದಳು ಅಕ್ಕ. “ತೆಗೆದಿದ್ರೆ ಅಮ್ಮ ನಿಂತುಬಿಡ್ತಿದ್ದಳು.”

ಅಮ್ಮ ಹೋಗಿದ್ದು ಪುಟ್ಟಿ ಹುಟ್ಟುವ ಮುಂಚೆ. ಅಜ್ಜಿಯನ್ನು ಪುಟ್ಟಿ ನೋಡಿರುವುದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. “ಚಿಕ್ಕಮ್ಮ, ಆ ಕ್ಯಾಸೆಟ್ಟು ನಂಗೆ ಯಾಕೆ ತೋರಿಸಿಲ್ಲ?” ಅಂತ ಕೇಳಿದಳು. ವಿಸಿಆರ್ ಕೆಟ್ಟು ಕಾಲವಾಯಿತು, ಕ್ಯಾಸೆಟ್ಟು ಅಟ್ಟದ ಮೇಲಿದೆ ಅಂದೆ.

ಭಾನುವಾರ, ಜಾರ್ದಾಂ ದೆ ಪ್ಲಾಂತ್

‘ಲ ಜತೇ’ ಚಿತ್ರದ ಶುರುವಿನಲ್ಲಿ, ಭಾನುವಾರ ಅಪ್ಪ ಅಮ್ಮ ಮಕ್ಕಳನ್ನು ಓರ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ ಅಂತ ಬರುತ್ತದೆ, ವಿಮಾನ ನೋಡಲಿಕ್ಕೆ. ಅರವತ್ತರ ದಶಕದಲ್ಲಿ ಜನ ನಿಜವಾಗಿಯೂ ಹಾಗೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಹುಡುಗ ಒಬ್ಬ ಹೆಂಗಸಿನ ಮುಖ ನೋಡುತ್ತಾನೆ, ಒಬ್ಬ ಮನುಷ್ಯ ಸಾಯುವುದನ್ನೂ ನೋಡುತ್ತಾನೆ. ಆಮೇಲೆ ಮೂರನೇ ಮಹಾಯುದ್ಧವಾಗಿ ಪ್ಯಾರಿಸ್ ನಾಶವಾಗುತ್ತದೆ. ಬದುಕುಳಿದವರು ನೆಲದಡಿಯಲ್ಲಿ. ಬೆಳೆದ ಆ ಹುಡುಗನನ್ನು ಹಿಂದಿನ ಕಾಲಕ್ಕೆ ಕಳಿಸುವ ಪ್ರಯೋಗ ಮಾಡುತ್ತಾರೆ. ಅವನನ್ನೇ ಆರಿಸಿದ್ದಕ್ಕೆ ಕಾರಣ ಆ ಒಂದು ಮುಖದ ನೆನಪು ಅಷ್ಟು ಗಟ್ಟಿಯಾಗಿ ಅವನಲ್ಲಿ ಉಳಿದಿರುವುದು.

ಇಡೀ ಚಿತ್ರ ಇರುವುದು ಸ್ಥಿರ ಫೋಟೋಗಳಲ್ಲಿ. ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ. ಮಲಗಿದ್ದ ಆ ಹೆಂಗಸು ಕಣ್ಣು ತೆರೆದು ನಮ್ಮ ಕಡೆ ನೋಡುತ್ತಾಳೆ, ರೆಪ್ಪೆ ಬಡಿಯುತ್ತಾಳೆ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಸತ್ತವರ ಫೋಟೋ ದಿಟ್ಟಿಸುತ್ತಾ ಕೂತಾಗ ನಾವು ಬೇಡುವುದು ಅದನ್ನೇ ಅಲ್ವಾ, ಒಂದು ಸಲ ರೆಪ್ಪೆ ಬಡಿಯಲಿ ಅಂತ.

ಚಿತ್ರದಲ್ಲಿ ಅವನೂ ಆ ಹೆಂಗಸೂ ಒಂದು ಮಧ್ಯಾಹ್ನ ಸತ್ತ ಪ್ರಾಣಿಗಳನ್ನು ತುಂಬಿಸಿಟ್ಟ ಮ್ಯೂಸಿಯಂನಲ್ಲಿ ಅಡ್ಡಾಡುತ್ತಾರೆ. ಅದು ಇಲ್ಲಿನದೇ, ಜಾರ್ದಾಂ ದೆ ಪ್ಲಾಂತ್ ತೋಟದ ಪ್ರಾಣಿಶಾಸ್ತ್ರ ಗ್ಯಾಲರಿ. ಚಿತ್ರ ಬಂದ ಮೂರು ವರ್ಷಕ್ಕೆ, 1965ರಲ್ಲಿ, ಅದನ್ನು ಮುಚ್ಚಿದರು. 1994ರಲ್ಲಿ ಹೊಸದು ಮಾಡಿ ತೆರೆದರು. ಈಗ ಆನೆ, ಜಿರಾಫೆ, ಜೀಬ್ರಾಗಳ ಮೆರವಣಿಗೆ, ಮೇಲೆ ಬಣ್ಣ ಬದಲಾಗುವ ಬೆಳಕು, ಕೆಳಗೆ ಮಕ್ಕಳ ಗಲಾಟೆ. ಮಾರ್ಕರ್ ಕಂಡ ಧೂಳು ಹಿಡಿದ ಹಾಲ್ ಇಲ್ಲಿಲ್ಲ. ನನಗೆ ಇದರಲ್ಲಿ ಬೇಸರವೇನೂ ಆಗಲಿಲ್ಲ. ಮಕ್ಕಳು ಓಡಾಡುವ ಜಾಗ ಚೆನ್ನಾಗಿಯೇ ಇರುತ್ತದೆ.

ಸೋಮವಾರ, ಪ್ಯಾರಿಸ್

ಬೆಳಿಗ್ಗೆ ರಿಶಲ್ಯೂ ಬೀದಿಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋದೆವು. ಅಲೆನ್ ರೆನೆ 1956ರಲ್ಲೇ ಈ ಗ್ರಂಥಾಲಯದ ಬಗ್ಗೆ 21 ನಿಮಿಷದ ಚಿತ್ರ ಮಾಡಿದ್ದರು. ಒಂದು ಪುಸ್ತಕ ಒಳಗೆ ಬಂದು, ನಂಬರು ಹಾಕಿಸಿಕೊಂಡು, ಕಪಾಟು ಸೇರಿ, ಕೊನೆಗೆ ಯಾರೋ ಓದುಗನ ಮೇಜಿಗೆ ಬರುವವರೆಗಿನ ಕಥೆ. ಅಂಡಾಕಾರದ ದೊಡ್ಡ ಓದುಮನೆಗೆ ಈಗ ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡು ಕೊಡಬೇಕಿಲ್ಲ. ಸ್ವಲ್ಪ ಹೊತ್ತು ಕೂತೆವು. ಪುಸ್ತಕಕ್ಕೆ ಇಷ್ಟು ಜೋಪಾನ ಅಂತ ಅಕ್ಕ ಮೇಲೆ ನೋಡುತ್ತಲೇ ಇದ್ದಳು.

ಅಲ್ಲಿಂದ ನಡೆದು ಬುಲ್‌ವಾರ್ ದೆ ಕಪ್ಯುಸೀನ್ ಬೀದಿಯ 14ನೇ ನಂಬರು. 1895ರ ಡಿಸೆಂಬರ್ 28ರ ಪ್ರದರ್ಶನ ನಡೆದದ್ದು ಇಲ್ಲಿ, ಗ್ರಾಂಡ್ ಕಫೆಯ ನೆಲಮಾಳಿಗೆಯಲ್ಲಿ. ಟಿಕೆಟ್ಟಿಗೆ ಒಂದು ಫ್ರಾಂಕ್. ದುಡ್ಡು ಕೊಟ್ಟು ಬಂದವರು 33 ಜನ. ಗೋಡೆಯ ಮೇಲೆ ಒಂದು ಫಲಕ ಇದೆ, ಒಳಗೆ ಹೋಟೆಲ್. ಮರುವರ್ಷ ಜುಲೈ 7ರಂದು ಇದೇ ಯಂತ್ರ ಮುಂಬೈಗೆ ಬಂದು ವಾಟ್ಸನ್ ಹೋಟೆಲ್‌ನಲ್ಲಿ ಆರು ಚಿತ್ರ ತೋರಿಸಿತು. ಕಾರ್ಖಾನೆಯಿಂದ ಹೊರಬರುವ ಆ ಹೆಂಗಸರು ಹೀಗೆ ಲಿಯೊನ್‌ನಿಂದ ಮುಂಬೈಗೆ ಬಂದರು. ಆ ಹೋಟೆಲಿನ ಕಟ್ಟಡ ಕಾಲಾಘೋಡಾದಲ್ಲಿ ಬೀಳುವ ಸ್ಥಿತಿಗೆ ಬಂದಿದೆ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಇಲ್ಲಿ ಕಾರ್ಖಾನೆಯ ತೊಲೆ ಸಹಿತ ಉಳಿಸಿಕೊಂಡದ್ದನ್ನು ನೋಡಿ ಬಂದ ಮೇಲಂತೂ ಇನ್ನೂ ಜಾಸ್ತಿ.

ಮಧ್ಯಾಹ್ನ ಅಕ್ಕ ಶಿವಮೊಗ್ಗಕ್ಕೆ ತಮ್ಮನಿಗೆ ಫೋನ್ ಮಾಡಿದಳು. ಅಲ್ಲಿ ಸಂಜೆ ಆಗಿತ್ತು.

“ಅಟ್ಟದ ಮೇಲೆ ಟ್ರಂಕ್ ಇದೆಯಲ್ಲ, ಅದರಲ್ಲಿ ನನ್ನ ಮದುವೆ ಕ್ಯಾಸೆಟ್ಟು ಇದೆ. ಇವತ್ತೇ ಇಳಿಸು.”

“ಇವತ್ತೇ? ಅದಕ್ಕೆ ಬೂಷ್ಟು ಹಿಡಿದಿರಬಹುದು ಅಕ್ಕ, ಎಷ್ಟು ಮಳೆಗಾಲ ಆಯ್ತು.”

“ಹಿಡಿದಿದ್ರೆ ಹಾಗೇ ಇರಲಿ, ನೀನು ಒರೆಸೋಕೆ ಹೋಗಬೇಡ. ಬಿಸಿಲಿಗೂ ಇಡಬೇಡ. ಯಾವುದಾದ್ರೂ ಹಳೇ ವಿಸಿಆರ್ ಸಿಕ್ತು ಅಂತ ಹಾಕಿ ನೋಡಬೇಡ, ಟೇಪು ಸಿಕ್ಕಿಕೊಳ್ಳತ್ತೆ. ಪೆನ್‌ಡ್ರೈವ್‌ಗೆ ಹಾಕಿಕೊಡೋ ಸ್ಟುಡಿಯೊ ವಿಚಾರಿಸು, ಬೂಷ್ಟು ತೆಗೆಯೋಕೆ ಬರತ್ತಾ ಅಂತ ಮೊದಲು ಕೇಳು.”

ನಾನು ಪಕ್ಕದಿಂದ ಹೇಳಿದೆ, “ಎಡಿಟ್ ಮಾಡಿಕೊಡ್ತೀವಿ ಅಂತಾರೆ, ಬೇಡ ಅನ್ನು.”

“ಹ್ಞಾಂ, ಕೇಳಿಸಿಕೊಂಡೆಯಾ? ಬೇಡದ್ದು ಕಟ್ ಮಾಡ್ತೀವಿ ಅಂತಾರೆ, ಏನೂ ಕಟ್ ಮಾಡೋದು ಬೇಡ. ಅಲ್ಲಾಡಿದ್ದು, ಖಾಲಿ ಕುರ್ಚಿ, ಊಟದ ಪಂಕ್ತಿ, ಎಲ್ಲ ಇದ್ದ ಹಾಗೇ ಬೇಕು. ಪೂರ್ತಿ ಮೂರು ಗಂಟೆ.”

“ಆಯ್ತು ಅಕ್ಕ. ಹಾಡು?”

ಅಕ್ಕ ನನ್ನ ಮುಖ ನೋಡಿದಳು. ಹಾಡಿನ ಕೆಳಗೆ ಏನಾದರೂ ಉಳಿದಿದ್ದರೆ ತೆಗೆಯಲು ಆಗುತ್ತದಾ ಅಂತ ಪುಟ್ಟಿಯನ್ನು ಕೇಳಿದೆವು. ಮೊದಲು ಕಾಪಿ ಆಗಲಿ, ಆಮೇಲೆ ಕ್ಲಾಸಿನಲ್ಲಿ ಸೌಂಡ್ ಗೊತ್ತಿರುವ ಹುಡುಗನನ್ನು ಕೇಳುತ್ತೇನೆ ಅಂದಳು ಅವಳು.

“ಹಾಡೂ ಇರಲಿ” ಅಂದಳು ಅಕ್ಕ ಫೋನಿಗೆ. “ಒಂದಲ್ಲ, ಎರಡು ಕಾಪಿ ಮಾಡಿಸು. ಒಂದು ಪುಟ್ಟಿಗೆ.”